‘ಟೆನ್ ಪೌಂಡ್ ಪಾಮ್ಸ್’: ನೋಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಪೌಂಡ್ ಕೊಟ್ಟು, ಸರ್ಕಾರದ ನೆರವಿನ ಯೋಜನೆಯಲ್ಲಿ ಆಸ್ಟ್ರೇಲಿಯಕ್ಕೆ ವಲಸೆ ಬಂದ ಬ್ರಿಟಿಷರ ಕಥೆ ಹೇಳುವ ಬಿಬಿಸಿಯ ಈ ಧಾರಾವಾಹಿಯ ಬಗ್ಗೆ ಕನ್ನಡ ಕೂಟದ ಊಟದ ಸಾಲಿನಲ್ಲಿ, ಬೆಂಗಳೂರಿನಿಂದ ಬರುವ ಕರೆಗಳಲ್ಲಿ, ಮನೆಯ ಸೋಫಾದ ಮೇಲೆ ನನಗೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ನಾನು ಇರುವುದು ಸಿಡ್ನಿಯ ಪಶ್ಚಿಮದ ಬಡಾವಣೆಯೊಂದರಲ್ಲಿ. ಹೊಸದಾಗಿ ಬಂದ ವಲಸಿಗರನ್ನು ಇರಿಸುತ್ತಿದ್ದ ಶಿಬಿರದ ದೃಶ್ಯಗಳನ್ನು ಚಿತ್ರೀಕರಿಸಿದ ಜಾಗ ಇಲ್ಲಿಂದ ಬಹಳ ದೂರವಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಪಕ್ಕದ ಮನೆಯಾಕೆ 1958ರಲ್ಲಿ ಏಳು ವರ್ಷದ ಹುಡುಗಿಯಾಗಿ ಹಡಗಿನಲ್ಲಿ ಬಂದಿಳಿದವರು. ನಮ್ಮ ಮಕ್ಕಳು ಅವರನ್ನು ಅಜ್ಜಿ ಎಂದೇ ಕರೆಯುತ್ತಾರೆ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಕಥೆಯ ಕೆಲವು ಗುಟ್ಟುಗಳು ಮುಂದೆ ಬಯಲಾಗುತ್ತವೆ. ಇನ್ನೂ ನೋಡದವರು ಎಚ್ಚರದಿಂದ ಓದಿ.

ಇದು ಯಾವ ಧಾರಾವಾಹಿ? ಎಷ್ಟು ಕಂತುಗಳಿವೆ?

ಬರೆದವರು ಡ್ಯಾನಿ ಬ್ರಾಕಲ್‌ಹರ್ಸ್ಟ್. ಮೊದಲ ಸರಣಿ 2023ರ ಮೇ ತಿಂಗಳಲ್ಲಿ ಬಿಬಿಸಿ ಒನ್‌ನಲ್ಲಿ, ಎರಡನೆಯದು 2025ರ ಮಾರ್ಚ್‌ನಲ್ಲಿ ಬಂತು. ಒಂದೊಂದರಲ್ಲಿ ಆರು ಕಂತು. ಆಸ್ಟ್ರೇಲಿಯದ ಸ್ಟ್ಯಾನ್ ಎಂಬ ಸ್ಟ್ರೀಮಿಂಗ್ ಸೇವೆಯೂ ನಿರ್ಮಾಣದಲ್ಲಿ ಜೊತೆಗೂಡಿದೆ. 1956ರಲ್ಲಿ ಮ್ಯಾಂಚೆಸ್ಟರಿನ ಆ್ಯನಿ ಮತ್ತು ಟೆರ‍್ರಿ ರಾಬರ್ಟ್ಸ್ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಆಸ್ಟ್ರೇಲಿಯಕ್ಕೆ ಹೊರಡುವುದರಿಂದ ಕಥೆ ಶುರುವಾಗುತ್ತದೆ. ಆ್ಯನಿಯಾಗಿ ಫೇ ಮಾರ್ಸೆ, ಟೆರ‍್ರಿಯಾಗಿ ವಾರೆನ್ ಬ್ರೌನ್ ನಟಿಸಿದ್ದಾರೆ. ಒಂಟಿಯಾಗಿ ಹೊರಡುವ ದಾದಿ ಕೇಟ್‌ಳ ಪಾತ್ರ ಮಿಶೆಲ್ ಕೀಗನ್ ಅವರದು.

ಹತ್ತು ಪೌಂಡ್ ಎಂದರೆ ನಿಜವಾಗಿಯೂ ಹತ್ತೇ ಪೌಂಡೇ?

ಹೌದು, ದೊಡ್ಡವರೊಬ್ಬರಿಗೆ ಹತ್ತೇ ಪೌಂಡ್. ಜೊತೆಯಲ್ಲಿ ಬರುವ ಮಕ್ಕಳಿಗೆ ಪುಕ್ಕಟೆ. ಹಡಗಿನ ನಿಜವಾದ ಟಿಕೆಟ್ ಬೆಲೆ ಸುಮಾರು 120 ಪೌಂಡ್. ಉಳಿದದ್ದನ್ನು ಸರ್ಕಾರ ಭರಿಸುತ್ತಿತ್ತು. 1956ರ ಬ್ರಿಟನ್ನಿನಲ್ಲಿ ಕಾರ್ಖಾನೆಯ ಕೆಲಸಗಾರನಿಗೆ ಹತ್ತು ಪೌಂಡ್ ಹೆಚ್ಚುಕಡಿಮೆ ಒಂದು ವಾರದ ಸಂಬಳ. ನಮ್ಮ ಲೆಕ್ಕಕ್ಕೆ ತಂದರೆ ಆಗ ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ, ಅಂದರೆ ಒಟ್ಟು 133 ರೂಪಾಯಿ. ಒಂದು ವಾರದ ಸಂಬಳಕ್ಕೆ ಭೂಮಿಯ ಆ ತುದಿ.

ಕರಾರು ಇದ್ದದ್ದು ಅದರ ಕೆಳಗೆ. ಎರಡು ವರ್ಷ ಅಲ್ಲೇ ಇರಬೇಕು. ಅದಕ್ಕೆ ಮೊದಲೇ ಹೊರಟರೆ ಸರ್ಕಾರ ಕೊಟ್ಟ ಹಣವನ್ನು ಹಿಂದಿರುಗಿಸಬೇಕು, ವಾಪಸು ಹೋಗುವ ಟಿಕೆಟ್ಟಿನ ಪೂರ್ತಿ ದುಡ್ಡನ್ನೂ ತಾವೇ ಹೊಂದಿಸಬೇಕು. ವಾರದ ಸಂಬಳ ಕೊಟ್ಟು ಬಂದ ನಾಲ್ವರ ಕುಟುಂಬಕ್ಕೆ ಅದು ಮುಗಿಯದ ಸಾಲ. ಹೋಗುವಾಗ ಸೋವಿ, ಬರುವಾಗ ದುಬಾರಿ.

‘ಪಾಮ್’ ಎಂಬುದು ಬೈಗುಳವೇ?

ಹೇಳುವವರ ಮುಖ ನೋಡಿ ತೀರ್ಮಾನಿಸಬೇಕಾದ ಮಾತು. ಇಂಗ್ಲಿಷರನ್ನು ಆಸ್ಟ್ರೇಲಿಯನ್ನರು ಹೀಗೆ ಕರೆಯುತ್ತಾರೆ. ಕ್ರಿಕೆಟ್ ಮೈದಾನದಲ್ಲಿ ಒಂದು ಅರ್ಥ, ಮದುವೆ ಮನೆಯಲ್ಲಿ ಇನ್ನೊಂದು. ‘ದೊರೆಯ ಕೈದಿ’ ಎಂಬ ಪದಗಳ ಮೊದಲಕ್ಷರಗಳಿಂದ ಬಂತು ಎಂಬ ಕಥೆ ಎಲ್ಲರ ಬಾಯಲ್ಲೂ ಇದೆ, ಆದರೆ ಅದಕ್ಕೆ ಆಧಾರವಿಲ್ಲ. ನಿಘಂಟುಕಾರರು ಒಪ್ಪುವುದು ದಾಳಿಂಬೆಯ ಕಥೆಯನ್ನು. ವಲಸಿಗ ಎಂಬ ಇಂಗ್ಲಿಷ್ ಪದಕ್ಕೆ ಪ್ರಾಸವಾಗಿ ‘ಪಾಮಿಗ್ರನೇಟ್’ ಎಂದು ಕೀಟಲೆ ಮಾಡುತ್ತಿದ್ದರಂತೆ. ಬಿಸಿಲಿಗೆ ಕೆಂಪಾದ ಕೆನ್ನೆಯೂ ಸೇರಿ ಹೆಸರು ಅಂಟಿಕೊಂಡಿತು.

ಇದರ ಜೊತೆಗೆ ಬರುವ ಇನ್ನೊಂದು ಮಾತು ‘ಕೊರಗುವ ಪಾಮ್’. ಯಾವಾಗ ನೋಡಿದರೂ ಗೊಣಗುವವನು ಎಂದು ಅರ್ಥ. ಅದು ಮಾತ್ರ ಬೈಗುಳವೇ. ಅದರ ಏಟು ಎಲ್ಲಿ ಬೀಳುತ್ತದೆ ಎಂಬುದು ಶಿಬಿರದ ಪ್ರಶ್ನೆಗೆ ಬಂದಾಗ ತಿಳಿಯುತ್ತದೆ.

ಯುದ್ಧ ಗೆದ್ದ ದೇಶವನ್ನು ಬಿಟ್ಟು ಹೋಗುವ ದರ್ದು ಏನಿತ್ತು?

ನಮ್ಮ ಮಾವನವರು ಕೇಳಿದ ಪ್ರಶ್ನೆ ಇದು. ಬ್ರಿಟಿಷರೆಂದರೆ ದೊರೆಗಳು, ಅವರಿಗೇನು ಬಡತನ ಎಂಬುದು ಅವರ ಕಾಲದವರ ನಂಬಿಕೆ. ಯುದ್ಧ ಗೆದ್ದ ಬ್ರಿಟನ್ನಿನಲ್ಲಿ ಪಡಿತರ ಚೀಟಿ ಪೂರ್ತಿ ಹೋದದ್ದು 1954ರ ಜುಲೈ 4ರಂದು, ಮಾಂಸ ಪಡಿತರದಿಂದ ಹೊರಬಂದಾಗ. ಯುದ್ಧ ಮುಗಿದು ಒಂಬತ್ತು ವರ್ಷವಾಗಿತ್ತು. ಬಾಂಬಿಗೆ ಬಿದ್ದ ಮನೆಗಳ ಜಾಗದಲ್ಲಿ ಹೊಸ ಮನೆಗಳು ಬೇಕಾದಷ್ಟು ಏಳಲಿಲ್ಲ. ಮದುವೆಯಾದ ಮೇಲೂ ಅತ್ತೆಯ ಮನೆಯ ಒಂದು ಕೋಣೆಯಲ್ಲಿ ಸಂಸಾರ. ಮೇಲೆ ಹೊಗೆ, ಮಳೆ, ಮಕ್ಕಳಿಗೆ ಕೆಮ್ಮು. ಅಂಥವರ ಕಣ್ಣೆದುರು ಬಿಸಿಲು, ಕಡಲತೀರ, ಹಿತ್ತಲಿರುವ ಸ್ವಂತ ಮನೆಯ ಬಣ್ಣದ ಭಿತ್ತಿಪತ್ರ ಹಿಡಿದರೆ ಯಾರಾದರೂ ಅರ್ಜಿ ತುಂಬುತ್ತಾರೆ.

ಟೆರ‍್ರಿಯ ಕಾರಣ ಬೇರೆ. ಅವನು ಯುದ್ಧವನ್ನು ಮನೆಗೇ ತಂದುಕೊಂಡಿದ್ದಾನೆ, ಕುಡಿದು ಮರೆಯಲು ನೋಡುತ್ತಾನೆ. ಅರ್ಜಿ ತುಂಬುವವಳು ಆ್ಯನಿ. ಊರು ಬದಲಾಯಿಸಿದರೆ ಗಂಡ ಬದಲಾಗುತ್ತಾನೆ ಎಂದು ನಂಬಿದ ಹೆಂಗಸರು ನಮ್ಮಲ್ಲೂ ಕಡಿಮೆಯಿಲ್ಲ.

ಆಸ್ಟ್ರೇಲಿಯ ಇಷ್ಟೊಂದು ದುಡ್ಡು ಸುರಿದದ್ದೇಕೆ?

ಭಯದಿಂದ. 1942ರ ಫೆಬ್ರುವರಿ 19ರಂದು ಜಪಾನಿನ ವಿಮಾನಗಳು ಡಾರ್ವಿನ್ ಮೇಲೆ ಬಾಂಬ್ ಹಾಕಿದವು. ಅದೇ ವರ್ಷದ ಮೇ ಕೊನೆಯಲ್ಲಿ ಕಿರು ಜಲಾಂತರ್ಗಾಮಿಗಳು ಸಿಡ್ನಿ ಬಂದರಿನೊಳಗೇ ನುಗ್ಗಿದವು. ಖಂಡದಷ್ಟು ದೊಡ್ಡ ದೇಶ, ಜನ ಮಾತ್ರ ಎಪ್ಪತ್ತು ಲಕ್ಷದ ಆಸುಪಾಸು. 1945ರಲ್ಲಿ ಮೊದಲ ವಲಸೆ ಸಚಿವರಾದ ಆರ್ಥರ್ ಕಾಲ್ವೆಲ್ ಹಿಡಿದ ಘೋಷಣೆ ‘ಜನ ತುಂಬಿಸಿ, ಇಲ್ಲವೇ ನಾಶವಾಗಿ’ ಎಂಬ ಧಾಟಿಯದು. ವರ್ಷಕ್ಕೆ ಶೇಕಡಾ ಒಂದರಷ್ಟು ಜನ ಹೊರಗಿನಿಂದ ಬರಬೇಕು ಎಂಬುದು ಅವರ ಲೆಕ್ಕ. ಬೇರೆ ದೇಶದವನೊಬ್ಬನಿಗೆ ಹತ್ತು ಬ್ರಿಟಿಷರು ಎಂಬುದು ಅವರ ಆಸೆ. ಅಷ್ಟು ಬ್ರಿಟಿಷರು ಸಿಗಲಿಲ್ಲ. ಯುರೋಪಿನ ನಿರಾಶ್ರಿತರನ್ನು ಕರೆಸಿಕೊಂಡರು. ಮಾಲ್ಟಾ, ಇಟಲಿ, ನೆದರ್ಲೆಂಡ್ಸ್, ಜರ್ಮನಿಗಳೊಡನೆ ಒಪ್ಪಂದ ಮಾಡಿಕೊಂಡರು. ಆದರೂ 1970ರ ದಶಕದ ಆರಂಭದ ಹೊತ್ತಿಗೆ ಹತ್ತು ಪೌಂಡಿನ ಬ್ರಿಟಿಷರ ಸಂಖ್ಯೆ ಹತ್ತು ಲಕ್ಷ ದಾಟಿತ್ತು.

ಶಿಬಿರ ನಿಜಕ್ಕೂ ಅಷ್ಟು ಕೆಟ್ಟದಾಗಿತ್ತೇ? ಬಂದವರೇ ‘ಸುಳ್ಳು’ ಎನ್ನುತ್ತಾರಲ್ಲ?

ನೋಡುಗರ ನಡುವಿನ ದೊಡ್ಡ ಜಗಳ ಇದೇ. ಮೊದಲ ಕಂತಿನಲ್ಲಿ ರಾಬರ್ಟ್ಸ್ ಕುಟುಂಬ ತಗಡಿನ ಗುಡಿಸಿಲಿನ ಮುಂದೆ ಸೂಟ್‌ಕೇಸ್ ಇಳಿಸಿ ಮುಖ ಮುಖ ನೋಡಿಕೊಳ್ಳುವ ದೃಶ್ಯ ಬಂದ ಕೂಡಲೇ ಎರಡು ಪಕ್ಷಗಳಾಗುತ್ತವೆ. ‘ನಮಗೂ ಹೀಗೇ ಆಯಿತು, ಅಮ್ಮ ತಿಂಗಳುಗಟ್ಟಲೆ ಅತ್ತಳು’ ಎನ್ನುವವರು ಒಂದು ಕಡೆ. ‘ಇದೆಲ್ಲ ಉತ್ಪ್ರೇಕ್ಷೆ, ನಾವು ಬದುಕಿನಲ್ಲಿ ಅಷ್ಟು ಖುಷಿಯಾಗಿ ಇನ್ನೆಲ್ಲೂ ಇರಲಿಲ್ಲ’ ಎನ್ನುವವರು ಇನ್ನೊಂದು ಕಡೆ. ಎರಡೂ ಪಕ್ಷದವರು ಸಾಕ್ಷಿಗಳು, ಅಲ್ಲಿದ್ದವರು. ಹಾಗಾದರೆ ಯಾರನ್ನು ನಂಬುವುದು?

ಮೊದಲು ಕಟ್ಟಡದ ಮಾತು. ಅವು ನಿಸೆನ್ ಗುಡಿಸಿಲುಗಳು. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದ ಹಾಗೆ ಅಲೆಯಲೆಯಾದ ತಗಡು; ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆಂದು ರೂಪಿಸಿದ್ದು. ಜನವರಿಯ ಬಿಸಿಲಿಗೆ ಒಳಗೆ ಒಲೆ, ಜುಲೈ ರಾತ್ರಿಗೆ ಮಂಜುಗಡ್ಡೆ. ಗೋಡೆ ತೆಳು, ಪಕ್ಕದ ಸಂಸಾರದ ಜಗಳವೆಲ್ಲ ನಿಮ್ಮದೇ. ಬಚ್ಚಲು, ಪಾಯಖಾನೆ, ಬಟ್ಟೆ ಒಗೆಯುವ ಜಾಗ ಎಲ್ಲರಿಗೂ ಸೇರಿದ್ದು. ಊಟ ಸಾರ್ವಜನಿಕ ಭೋಜನಶಾಲೆಯಲ್ಲಿ, ಅದೂ ಎಡೆಬಿಡದೆ ಕುರಿಮಾಂಸ. ಬಾಡಿಗೆ ಕೊಡಬೇಕಿತ್ತು. 1950ರ ದಶಕದ ಆರಂಭದಲ್ಲಿ ಬಾಡಿಗೆ ಏರಿಸಿದಾಗ ಬ್ರಿಟಿಷ್ ವಲಸಿಗರು ಕೊಡುವುದಿಲ್ಲವೆಂದು ಮುಷ್ಕರ ಹೂಡಿದರು. ಬೊನೆಗಿಲ್ಲಾ ಶಿಬಿರದಲ್ಲಿ ಕೆಲಸ ಸಿಗದ ಇಟಲಿಯವರು 1952ರಲ್ಲಿ ದಂಗೆಯೆದ್ದರು. ಹಾಗಾಗಿ ತೆರೆಯ ಮೇಲಿನ ಶಿಬಿರ ಕಟ್ಟುಕಥೆಯಲ್ಲ. ಆದರೆ ಎಲ್ಲರ ಪಾಲಿಗೂ ಇಂಥ ಶಿಬಿರ ಬರಲಿಲ್ಲ. ಅಲ್ಲಿ ನೆಲೆಸಿದ್ದ ಬಂಧುಗಳು ಕರೆಸಿಕೊಂಡಿದ್ದರೆ ಹಡಗಿನಿಂದ ಇಳಿದವರು ಅವರ ಮನೆಗೇ ಹೋಗುತ್ತಿದ್ದರು. ಕೆಲವರು ಕೆಲವೇ ವಾರ ಇದ್ದರು, ಕೆಲವರು ವರ್ಷಗಟ್ಟಲೆ.

ಈಗ ಸಾಕ್ಷಿಗಳ ಮಾತು. 1956ರಲ್ಲಿ ಮೂವತ್ತೈದರ ಹೆಂಗಸಿಗೆ ಇಂದು ನೂರು ದಾಟಿರುತ್ತದೆ. ಆ್ಯನಿಯ ವಯಸ್ಸಿನವರು ಯಾರೂ ಇಂದು ಧಾರಾವಾಹಿ ನೋಡಿ ಅಭಿಪ್ರಾಯ ಹೇಳುತ್ತಿಲ್ಲ. ಹೇಳುತ್ತಿರುವವರೆಲ್ಲ ಆಗ ಮಕ್ಕಳಾಗಿದ್ದವರು. ಬರಿಗಾಲಲ್ಲಿ ಓಡಲು ಬಯಲು, ಆಡಲು ಐವತ್ತು ಮಕ್ಕಳು, ಹತ್ತಲು ಮರ, ಅಮ್ಮ ಅಡುಗೆ ಮಾಡಬೇಕಿಲ್ಲದ ಭೋಜನಶಾಲೆ. ಏಳು ವರ್ಷದ ಮಗುವಿಗೆ ಅದು ಮುಗಿಯದ ಜಾತ್ರೆ. ‘ನಾವು ಖುಷಿಯಾಗಿದ್ದೆವು’ ಎಂಬ ಮಾತು ನೂರಕ್ಕೆ ನೂರು ನಿಜ. ಧಾರಾವಾಹಿ ಹೇಳುತ್ತಿರುವುದು ಅವರ ಕಥೆಯನ್ನಲ್ಲ, ಅವರ ತಾಯಂದಿರ ಕಥೆಯನ್ನು.

ನಮ್ಮ ಪಕ್ಕದ ಮನೆಯ ಅಜ್ಜಿ ಮೊದಲ ಕಂತು ನೋಡಿ ಸಿಡುಕಿದ್ದರು. ಮೂರನೆಯ ಕಂತಿನ ಹೊತ್ತಿಗೆ ಒಂದು ಬಿಸ್ಕತ್ತಿನ ಡಬ್ಬ ತಂದು ತೋರಿಸಿದರು. ಅವರ ತಾಯಿ ತೀರಿಕೊಂಡ ಮೇಲೆ ಇಂಗ್ಲೆಂಡಿನ ಚಿಕ್ಕಮ್ಮ ಕಳಿಸಿದ್ದಂತೆ. ತಾಯಿ ಶಿಬಿರದಲ್ಲಿದ್ದ ಹದಿನಾಲ್ಕು ತಿಂಗಳಲ್ಲಿ ತಂಗಿಗೆ ಬರೆದ ಕಾಗದಗಳೆಲ್ಲ ಅದರಲ್ಲಿವೆ. ಒಂದರಲ್ಲೂ ಶಿಬಿರ ಎಂಬ ಮಾತಿಲ್ಲ. ‘ನಮ್ಮ ಮನೆಯ ಹಿಂದಿನ ಮರದಲ್ಲಿ ಬಿಳಿ ಗಿಳಿಗಳು ಬಂದು ಕೂರುತ್ತವೆ’ ಎಂದಿದೆ. ನಮ್ಮ ಮನೆ! ಗೊಣಗಿದರೆ ಇಲ್ಲಿಯವರು ‘ಕೊರಗುವ ಪಾಮ್’ ಎನ್ನುತ್ತಾರೆ, ಅಲ್ಲಿಯವರು ‘ನಾವು ಮೊದಲೇ ಹೇಳಿರಲಿಲ್ಲವೇ’ ಎನ್ನುತ್ತಾರೆ. ಎರಡೂ ಕಡೆಗೆ ಬಾಯಿ ಮುಚ್ಚಿಕೊಂಡ ಆ ಹೆಂಗಸಿನ ಸಾಕ್ಷ್ಯ ಎಲ್ಲೂ ದಾಖಲಾಗಿಲ್ಲ. ಹಾಗಾಗಿ ನಾನು ಈ ಜಗಳದಲ್ಲಿ ಧಾರಾವಾಹಿಯ ಪಕ್ಷ.

ಇಷ್ಟವಾಗದವರು ವಾಪಸು ಹೋದರೇ?

ಸುಮಾರು ಕಾಲು ಭಾಗ ಜನ ವಾಪಸಾದರು. ತಮಾಷೆಯೆಂದರೆ, ಹಾಗೆ ಹೋದವರಲ್ಲೂ ಬಹಳ ಮಂದಿ ಇಂಗ್ಲೆಂಡಿನ ಒಂದೆರಡು ಚಳಿಗಾಲ ಕಂಡು ಮತ್ತೆ ಆಸ್ಟ್ರೇಲಿಯಕ್ಕೇ ಬಂದರು. ಇವರನ್ನು ‘ಬೂಮರಾಂಗ್ ಪಾಮ್’ ಎನ್ನುತ್ತಾರೆ. ನಮ್ಮಲ್ಲಾದರೆ ಹಳೇ ಗಂಡನ ಪಾದವೇ ಗತಿ ಎನ್ನುತ್ತಿದ್ದೆವು. ಇವರಿಗೆ ಯಾವ ಗಂಡ ಹಳೆಯವನು ಎಂಬುದೇ ತಿಳಿಯದಾಗಿತ್ತು.

ಆಸ್ಟ್ರೇಲಿಯನ್ನರನ್ನು ಕುಡುಕರು, ಒರಟರು ಎಂದು ತೋರಿಸಿದ್ದಾರೆ ಎಂಬ ಸಿಟ್ಟು ನ್ಯಾಯವೇ?

ಅರ್ಧ ನ್ಯಾಯ. ಕೆಲವು ಪಾತ್ರಗಳಿಗೆ ಒಂದೇ ಬಣ್ಣ ಬಳಿದಿದ್ದಾರೆ. ಟೆರ‍್ರಿಯ ಮೇಲೆ ಸವಾರಿ ಮಾಡುವ ಡೀನ್ ಮಾತನಾಡುವ ಮೊದಲೇ ಖಳನಾಯಕ ಎಂದು ಗೊತ್ತಾಗುತ್ತದೆ. ಅದೇ ಶಿಬಿರದ ಮೇಲ್ವಿಚಾರಕನ ಪಾತ್ರದಲ್ಲಿ ಸ್ಟೀಫನ್ ಕರ‍್ರಿ ಮೆಲ್ಲಗೆ ನಗಿಸುತ್ತಲೇ ಮನುಷ್ಯನಾಗುತ್ತಾ ಹೋಗುತ್ತಾರೆ.

ಕುಡಿತದ ಸಂಸ್ಕೃತಿ ಮಾತ್ರ ಇತಿಹಾಸದ್ದೇ. ನ್ಯೂ ಸೌತ್ ವೇಲ್ಸ್‌ನಲ್ಲಿ 1955ರವರೆಗೆ ಸಂಜೆ ಆರಕ್ಕೆ ಪಬ್ ಮುಚ್ಚಬೇಕೆಂಬ ಕಾನೂನಿತ್ತು. ಕೆಲಸ ಬಿಡುವುದು ಐದಕ್ಕೆ. ಉಳಿದ ಒಂದು ಗಂಟೆಯಲ್ಲಿ ಗಂಡಸರು ಹೊಟ್ಟೆ ತುಂಬ ಸುರಿದುಕೊಳ್ಳುತ್ತಿದ್ದರು. ವಿಕ್ಟೋರಿಯದಲ್ಲಿ ಈ ಆರರ ಗಡುವು 1966ರವರೆಗೂ ನಡೆಯಿತು. ಬಾರಿನೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ, ಅವರಿಗೆ ಬೇರೆ ಕೋಣೆ. 1965ರಲ್ಲಿ ಬ್ರಿಸ್ಬೇನಿನ ರೆಗಾಟಾ ಹೋಟೆಲಿನಲ್ಲಿ ಇಬ್ಬರು ಮಹಿಳೆಯರು ಬಾರಿನ ಕಂಬಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಪ್ರತಿಭಟಿಸಿದ್ದು ಇದಕ್ಕೇ.

ಯುದ್ಧದಲ್ಲಿ ಹೋರಾಡಿದ ಮೂಲನಿವಾಸಿ ರಾನ್‌ನನ್ನು ಅಷ್ಟು ಕೀಳಾಗಿ ಕಂಡದ್ದು ನಿಜವೇ?

ನಿಜ, ಮತ್ತು ಧಾರಾವಾಹಿ ತೋರಿಸಿದ್ದಕ್ಕಿಂತ ವಾಸ್ತವ ಕಠೋರ. ರಾಬ್ ಕಾಲಿನ್ಸ್ ನಟಿಸಿದ ಈ ಪಾತ್ರವೇ ನನ್ನ ಮಟ್ಟಿಗೆ ಇಡೀ ಕಥೆಯ ತೂಕದ ಕಲ್ಲು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಬಂದ ಬಿಳಿಯ ಸೈನಿಕರಿಗೆ ಸರ್ಕಾರ ಜಮೀನು ಕೊಟ್ಟಿತು; ಮೂಲನಿವಾಸಿ ಸೈನಿಕರಲ್ಲಿ ಬಹುತೇಕರಿಗೆ ಸಿಗಲಿಲ್ಲ. ಮೂಲನಿವಾಸಿಗಳಿಗೆ ಮದ್ಯ ಮಾರುವಂತಿರಲಿಲ್ಲ. ಪಬ್ಬಿಗೆ ಹೋಗಬೇಕೆಂದರೆ ‘ವಿನಾಯಿತಿ ಪತ್ರ’ ಬೇಕು, ಅದನ್ನು ಪಡೆಯಲು ತನ್ನವರ ಸಂಗ ಬಿಡಬೇಕು. ಆ ಪತ್ರವನ್ನು ಮೂಲನಿವಾಸಿಗಳು ‘ನಾಯಿಯ ಬಿಲ್ಲೆ’ ಎಂದು ಕರೆದರು. ಮಕ್ಕಳನ್ನು ತಾಯಂದಿರಿಂದ ಕಿತ್ತು ಸಂಸ್ಥೆಗಳಿಗೆ ಸೇರಿಸುವುದು ಆಗಲೂ ನಡೆದೇ ಇತ್ತು. ಅದಕ್ಕೆ ಸಂಸತ್ತು ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು.

ಇಲ್ಲೊಂದು ತಿದ್ದುಪಡಿ. ಮೂಲನಿವಾಸಿಗಳಿಗೆ 1967ರ ಜನಮತಗಣನೆಯಿಂದ ಮತದಾನದ ಹಕ್ಕು ಬಂತು ಎಂದು ಅನೇಕರು ಹೇಳುತ್ತಾರೆ. ರಾಷ್ಟ್ರೀಯ ಚುನಾವಣೆಯಲ್ಲಿ ಎಲ್ಲ ಮೂಲನಿವಾಸಿಗಳಿಗೂ ಮತದ ಹಕ್ಕು ದೊರೆತದ್ದು 1962ರಲ್ಲಿ. 1967ರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮತದಾರರು ಒಪ್ಪಿದ್ದು ಅವರನ್ನು ಜನಸಂಖ್ಯೆಯ ಲೆಕ್ಕಕ್ಕೆ ಸೇರಿಸುವುದಕ್ಕೆ ಮತ್ತು ಅವರ ಬಗ್ಗೆ ಕಾನೂನು ಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುವುದಕ್ಕೆ.

ಡೀನ್ ಕಾರು ಓಡಿಸುತ್ತಾ ಮೂಲನಿವಾಸಿ ಹುಡುಗನಿಗೆ ಗುದ್ದಿದಾಗ ಟೆರ‍್ರಿ ಬಾಯಿ ಬಿಡದೆ ಕೂರುವ ಪ್ರಸಂಗವಿದೆಯಲ್ಲ, ಅದಕ್ಕೆ ಕೋಪಗೊಂಡವರು ಬಹಳ. ನಾಯಕ ಹೀಗೆ ಮಾಡಬಹುದೇ ಎಂದು. ನನಗೆ ಆ ಕಥೆಗಾರನ ಧೈರ್ಯ ಕಂಡದ್ದೇ ಅಲ್ಲಿ. ಹೊಸ ನಾಡಿಗೆ ಬಂದ ಬಡವನಿಗೆ ಸಿಗುವ ಮೊದಲ ಸವಲತ್ತು ತನಗಿಂತ ಕೆಳಗಿರುವವನ ಬಗ್ಗೆ ಸುಮ್ಮನಿರುವ ಅವಕಾಶ.

ಕೇಟ್‌ಳ ಮಗುವಿನ ಕಥೆ ನಂಬುವಂತಿದೆಯೇ? ಬ್ರಿಟನ್ನಿನ ಮಗು ತಾಯಿಗೆ ತಿಳಿಯದೆ ಆಸ್ಟ್ರೇಲಿಯಕ್ಕೆ ಹೋಗಲು ಸಾಧ್ಯವೇ?

ಬೆಂಗಳೂರಿನ ನನ್ನ ಅಕ್ಕ ‘ಇದೊಂದು ಮಾತ್ರ ಸಿನಿಮಾ ಮಾಡಿಬಿಟ್ಟರು’ ಎಂದಳು. ಸಿನಿಮಾ ಅಲ್ಲ. ಅನಾಥಾಲಯಗಳಲ್ಲಿದ್ದ, ಅವಿವಾಹಿತ ತಾಯಂದಿರು ಬಿಟ್ಟುಕೊಡಬೇಕಾಗಿ ಬಂದ ಸಾವಿರಾರು ಬ್ರಿಟಿಷ್ ಮಕ್ಕಳನ್ನು ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳು ಸರ್ಕಾರಗಳ ನೆರವಿನಿಂದ ಆಸ್ಟ್ರೇಲಿಯಕ್ಕೆ ಸಾಗಿಸಿದವು. 1960ರ ದಶಕದ ಕೊನೆಯವರೆಗೂ ಇದು ನಡೆಯಿತು. ಎಷ್ಟೋ ಮಕ್ಕಳಿಗೆ ‘ನಿನ್ನ ತಂದೆತಾಯಿ ಸತ್ತಿದ್ದಾರೆ’ ಎಂದು ಹೇಳಲಾಗಿತ್ತು. ತಾಯಂದಿರಿಗೆ ‘ಒಳ್ಳೆಯ ಮನೆಗೆ ದತ್ತು ಹೋಗಿದೆ’ ಎಂದು. ನಾಟಿಂಗ್‌ಹ್ಯಾಮಿನ ಸಮಾಜ ಕಾರ್ಯಕರ್ತೆ ಮಾರ್ಗರೆಟ್ ಹಂಫ್ರೀಸ್ 1980ರ ದಶಕದಲ್ಲಿ ಇದನ್ನು ಬಯಲಿಗೆಳೆದು, ತಾಯಿ ಮಕ್ಕಳನ್ನು ಸೇರಿಸಲೆಂದೇ ಒಂದು ಟ್ರಸ್ಟ್ ಕಟ್ಟಿದರು. ಆಸ್ಟ್ರೇಲಿಯದ ಪ್ರಧಾನಿ ಕೆವಿನ್ ರಡ್ 2009ರ ನವೆಂಬರ್‌ನಲ್ಲಿ, ಬ್ರಿಟನ್ನಿನ ಗಾರ್ಡನ್ ಬ್ರೌನ್ 2010ರ ಫೆಬ್ರುವರಿಯಲ್ಲಿ ಕ್ಷಮೆ ಕೇಳಿದರು.

ಧಾರಾವಾಹಿ ಮೆತ್ತಗಾಗಿರುವುದು ಒಂದು ಕಡೆ. ಕೇಟ್‌ಳ ಮಗ ಒಳ್ಳೆಯ ದಂಪತಿಯ ಮನೆ ಸೇರಿದ್ದಾನೆ. ಹೀಗೆ ಸಾಗಿಸಲ್ಪಟ್ಟ ಮಕ್ಕಳಲ್ಲಿ ಹೆಚ್ಚಿನವರು ಸೇರಿದ್ದು ಮನೆಗಳಿಗಲ್ಲ, ದೊಡ್ಡ ಸಂಸ್ಥೆಗಳಿಗೆ. ಪಶ್ಚಿಮ ಆಸ್ಟ್ರೇಲಿಯದ ಬಿಂಡೂನ್‌ನಲ್ಲಿ ಹುಡುಗರ ಕೈಯಿಂದಲೇ ಕಟ್ಟಡ ಕಟ್ಟಿಸಿಕೊಂಡರು.

ಮಗನನ್ನು ಹುಡುಕಿ ಬಂದು, ಅವನನ್ನು ಮರಳಿ ಪಡೆಯಲು ಕೇಟ್ ಮಾಡುವುದು ಸರಿಯೇ ಎಂಬ ಬಗ್ಗೆ ನಮ್ಮ ಮನೆಯಲ್ಲೇ ಒಮ್ಮತವಿಲ್ಲ. ಹೆತ್ತವಳೇ ತಾಯಿ ಎಂದು ನನ್ನ ಹೆಂಡತಿ. ಸಾಕಿದವಳ ಗತಿಯೇನು ಎಂದು ಮಗಳು. ದೇವಕಿ ಯಶೋದೆಯರ ಕಥೆ ಕೇಳಿ ಬೆಳೆದವರಿಗೆ ಈ ವ್ಯಾಜ್ಯ ಹೊಸದೇನಲ್ಲ.

ಕೊನೆಗೆ ಇದೂ ಒಂದು ಮೆಗಾ ಧಾರಾವಾಹಿಯೇ ಅಲ್ಲವೇ?

ಕಣ್ಣೀರು, ಗುಟ್ಟು, ಕಂತಿನ ಕೊನೆಗೊಂದು ಬೆಚ್ಚಿಬೀಳಿಸುವ ತಿರುವು ಎಲ್ಲ ಇವೆ. ವಿಮರ್ಶಕರಲ್ಲೂ ಕೆಲವರು ಅದನ್ನೇ ದೂರಿದರು. ಆರು ಕಂತಿನಲ್ಲಿ ಯುದ್ಧದ ಆಘಾತ, ಕಳೆದುಹೋದ ಮಗು, ಜನಾಂಗ ದ್ವೇಷ, ಸಾಲ, ಹದಿಹರೆಯದ ಬಸಿರು ಎಲ್ಲವನ್ನೂ ತುರುಕಿದ್ದರಿಂದ ಯಾವುದೂ ಬೇಯುವಷ್ಟು ಹೊತ್ತು ಒಲೆಯ ಮೇಲೆ ಇರುವುದಿಲ್ಲ. ಆದರೆ ನಮ್ಮ ವಾಹಿನಿಗಳಲ್ಲಿ ಒಂದು ಕಪಾಳಮೋಕ್ಷ ಮೂರು ಸಂಜೆ ನಡೆಯುವುದನ್ನು ನೋಡಿದವನಿಗೆ ಇಷ್ಟು ಅವಸರ ಸಹ್ಯವೇ.

ತಗಡಿನ ಗುಡಿಸಿಲಿನಲ್ಲಿ ಕೇಟ್‌ಳ ಕೂದಲು ಅಷ್ಟು ನಯವಾಗಿರುವುದು ಹೇಗೆ?

ಗೊತ್ತಿಲ್ಲ. ಅಜ್ಜಿಯದೂ ಇದೇ ತಕರಾರು.

ಹಡಗಿನ ಪ್ರಯಾಣವನ್ನೇಕೆ ಅಷ್ಟು ಬೇಗ ಮುಗಿಸಿದರು?

ನನಗೂ ಇದೇ ನಿರಾಸೆ. ಮೊದಲ ಕಂತಿನಲ್ಲೇ ಬಂದಿಳಿಯುತ್ತಾರೆ. ನಿಜದಲ್ಲಿ ಅದು ನಾಲ್ಕರಿಂದ ಆರು ವಾರಗಳ ಲೋಕ. ಸೂಯೆಜ್ ಕಾಲುವೆ, ಏಡನ್, ಕೊಲಂಬೊ, ಆಮೇಲೆ ಹತ್ತು ದಿನ ಬರೀ ನೀರು, ಕೊನೆಗೆ ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರು. ಪಿ ಆ್ಯಂಡ್ ಓ ಕಂಪನಿಯ ಕೆಲವು ಹಡಗುಗಳು ಮುಂಬಯಿಯಲ್ಲೂ ನಿಲ್ಲುತ್ತಿದ್ದವು. ಪಡಿತರದಲ್ಲಿ ಬೆಳೆದ ಮಕ್ಕಳು ಹಡಗಿನ ಊಟದ ಮೇಜಿನಲ್ಲಿ ಬೇಕಾದಷ್ಟು ಹಣ್ಣು ಕಂಡು ಬೆರಗಾದರು. ಅಜ್ಜಿ ಮೊದಲ ಬಾರಿ ಮಾವಿನಹಣ್ಣು ತಿಂದದ್ದು ಕೊಲಂಬೊದಲ್ಲಿ. ಸಿಪ್ಪೆಯ ಸಮೇತ ಕಚ್ಚಿದ್ದರಂತೆ.

ಶಿಬಿರದಲ್ಲಿ ಬಿಳಿಯರಲ್ಲದವರು ಯಾಕಿಲ್ಲ? ನಿರ್ದೇಶಕರ ತಪ್ಪೇ?

ತಪ್ಪಲ್ಲ, ಅದು ಕಾನೂನು. 1901ರಿಂದಲೇ ಆಸ್ಟ್ರೇಲಿಯದಲ್ಲಿ ‘ಬಿಳಿಯ ಆಸ್ಟ್ರೇಲಿಯ’ ನೀತಿ ಇತ್ತು. ಬಣ್ಣದ ಹೆಸರೆತ್ತದೆ ತಡೆಯಲು ಹೂಡಿದ ಉಪಾಯ ಉಕ್ತಲೇಖನ ಪರೀಕ್ಷೆ. ಅಧಿಕಾರಿ ಯಾವುದೇ ಯುರೋಪಿಯನ್ ಭಾಷೆಯಲ್ಲಿ ಐವತ್ತು ಪದ ಹೇಳುತ್ತಾನೆ, ಬಂದವನು ಬರೆಯಬೇಕು. ಇಂಗ್ಲಿಷ್ ಬಲ್ಲವನಿಗೆ ಬೇರೆ ಭಾಷೆ. 1934ರಲ್ಲಿ ಬೇಡವಾದ ಎಗಾನ್ ಕಿಶ್ ಎಂಬ ಬಹುಭಾಷಾ ಪತ್ರಕರ್ತನನ್ನು ತಡೆಯಲು ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯಲ್ಲಿ ಬರೆಸಿದರು! ಈ ಪರೀಕ್ಷೆ ಹೋದದ್ದು 1958ರಲ್ಲಿ. ಅಂದರೆ ಧಾರಾವಾಹಿಯ ಕಾಲದಲ್ಲಿ ಅದು ಜೀವಂತವಿತ್ತು. ನೀತಿಯ ಕೊನೆಯ ಕುರುಹು ಅಳಿಸಿದ್ದು 1973ರಲ್ಲಿ.

ಲಂಡನ್ನಿನ ಬಳಿಯ ಟಿಲ್‌ಬರಿ ಬಂದರನ್ನು ನೆನೆದಾಗಲೆಲ್ಲ ನನಗೆ ಒಂದು ದೃಶ್ಯ ಕಾಣುತ್ತದೆ. ಹೊಸ ಯೋಜನೆಯ ಮೊದಲ ವಲಸಿಗರನ್ನು ಹೊತ್ತ ‘ಓರ್ಮಂಡ್’ ಹಡಗು 1947ರ ಅಕ್ಟೋಬರ್‌ನಲ್ಲಿ ಅಲ್ಲಿಂದಲೇ ಹೊರಟಿತು. ಒಂಬತ್ತು ತಿಂಗಳಾಗುವ ಮೊದಲು, 1948ರ ಜೂನ್ 22ರಂದು, ಅದೇ ಬಂದರಿನಲ್ಲಿ ‘ಎಂಪೈರ್ ವಿಂಡ್‌ರಶ್’ನಿಂದ ಕೆರಿಬಿಯನ್ ಜನ ಇಳಿದರು. ಅಲ್ಲಿ ಕೆಲಸಕ್ಕೆ ಆಳಿಲ್ಲವೆಂದು ಇವರು ಬಂದರು, ಅಲ್ಲಿ ಬದುಕಿಲ್ಲವೆಂದು ಅವರು ಹೊರಟರು. ಇಬ್ಬರೂ ಬ್ರಿಟಿಷ್ ಪ್ರಜೆಗಳೇ. ಒಬ್ಬರಿಗೆ ಹತ್ತು ಪೌಂಡಿನ ರಿಯಾಯಿತಿ, ಇನ್ನೊಬ್ಬರು ಟಿಕೆಟ್ಟಿಗೆ ಕೈಯಿಂದ ಕೊಟ್ಟರು. ಇದರ ಮೇಲೆ ಯಾರಾದರೂ ಧಾರಾವಾಹಿ ಮಾಡಿದರೆ ನಾನು ಮೊದಲ ನೋಡುಗ.

ಹಾಗಾದರೆ ಭಾರತದಿಂದ ಯಾರೂ ಬರಲಿಲ್ಲವೇ?

ಬಂದರು, ಮತ್ತು ಬಂದದ್ದೇ ರಗಳೆಯಾಯಿತು. ‘ಮನೂರಾ’ ಎಂಬ ಆಸ್ಟ್ರೇಲಿಯದ ನೌಕಾಪಡೆಯ ಹಡಗು ಮುಂಬಯಿಯಿಂದ 700ಕ್ಕೂ ಹೆಚ್ಚು ಆಂಗ್ಲೋ ಇಂಡಿಯನ್ನರನ್ನು ಹೊತ್ತು ಫ್ರೀಮ್ಯಾಂಟಲ್ ತಲುಪಿತು. ತಲುಪಿದ ದಿನ 1947ರ ಆಗಸ್ಟ್ 15! ದೆಹಲಿಯಲ್ಲಿ ಬಾವುಟ ಏರುತ್ತಿದ್ದಾಗ ಅವರು ಇನ್ನೊಂದು ದಡಕ್ಕೆ ಇಳಿಯುತ್ತಿದ್ದರು. ಇಳಿದವರಲ್ಲಿ ಅನೇಕರ ಮೈಬಣ್ಣ ಅಧಿಕಾರಿಗಳು ಎಣಿಸಿದಷ್ಟು ಬಿಳಿಯಾಗಿರಲಿಲ್ಲ. ಅದಾದ ಮೇಲೆ ನಿಯಮಗಳನ್ನು ಬಿಗಿ ಮಾಡಿದರು. 1966ರಲ್ಲಿ ನಿಯಮ ಸಡಿಲವಾದ ನಂತರವೇ ದೊಡ್ಡ ಸಂಖ್ಯೆಯಲ್ಲಿ ಆಂಗ್ಲೋ ಇಂಡಿಯನ್ನರಿಗೆ ಬಾಗಿಲು ತೆರೆದದ್ದು.

ಕರ್ನಾಟಕದ ಕೊಂಡಿ ಇರುವುದು ಇಲ್ಲಿ. ಕೋಲಾರದ ಚಿನ್ನದ ಗಣಿ, ಬೆಂಗಳೂರಿನ ವೈಟ್‌ಫೀಲ್ಡ್, ಕಾಕ್ಸ್ ಟೌನ್, ಹುಬ್ಬಳ್ಳಿಯ ರೈಲ್ವೆ ಕಾಲೊನಿ ಬಿಟ್ಟು ಬಂದ ಕುಟುಂಬಗಳು ಪರ್ತ್, ಮೆಲ್ಬರ್ನ್‌ಗಳಲ್ಲಿವೆ. ಅಂಥ ಹಿರಿಯರೊಬ್ಬರು ನನ್ನೊಡನೆ ಕೆಜಿಎಫ್‌ನ ತಮಿಳುಮಿಶ್ರಿತ ಕನ್ನಡದಲ್ಲಿ ಮಾತನಾಡಿದಾಗ ಪಕ್ಕದಲ್ಲಿದ್ದ ಅವರ ಮೊಮ್ಮಕ್ಕಳು ದಿಗಿಲುಬಿದ್ದರು. ತಾತನಿಗೆ ಇಂಗ್ಲಿಷ್ ಅಲ್ಲದೆ ಇನ್ನೊಂದು ಭಾಷೆ ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ.

ಇನ್ನು ಏಷ್ಯಾದ ದೇಶಗಳಿಗೆ ನೆರವು ನೀಡುವ 1951ರ ಕೊಲಂಬೊ ಯೋಜನೆಯಡಿ ಭಾರತದ ವಿದ್ಯಾರ್ಥಿಗಳೂ ಬಂದರು. ಓದು ಮುಗಿಸಿ ಊರಿಗೆ ಮರಳುವುದು ಷರತ್ತು.

ಶಿಬಿರದ ಜಾಗವನ್ನು ನೋಡಬಹುದೇ?

ನೋಡಬಹುದು. ವಿಂಡ್ಸರ್ ಊರಿನ ಹತ್ತಿರದ ಸ್ಕೈವಿಲ್ ರಾಷ್ಟ್ರೀಯ ಉದ್ಯಾನ. ಇಂಗ್ಲಿಷ್ ಕಾಗುಣಿತ ನೋಡಿ ಶೆವಿಲ್, ಷೇವಿಲ್ ಎಂದೆಲ್ಲ ಓದುವವರಿದ್ದಾರೆ. ಅಲ್ಲಿಯವರು ಹೇಳುವುದು ಸ್ಕೈವಿಲ್. 1949ರಿಂದ 1964ರವರೆಗೆ ಅಲ್ಲಿ ನಿಜವಾಗಿಯೂ ವಲಸಿಗರ ಶಿಬಿರವಿತ್ತು. ನಾವು ಹೋದ ದಿನ ಅಜ್ಜಿಯೂ ಬಂದಿದ್ದರು. ಅವರಿದ್ದದ್ದು ಬೇರೆ ಶಿಬಿರ. ಆದರೂ ಒಂದು ಗುಡಿಸಿಲಿನ ತಗಡನ್ನು ಅಂಗೈಯಿಂದ ಮುಟ್ಟಿ ನೋಡಿ, ‘ಇಷ್ಟು ತೆಳುವೇ’ ಎಂದರು. ಪೇಟೆಯ ದೃಶ್ಯಗಳನ್ನು ಚಿತ್ರೀಕರಿಸಿದ್ದು ಕಾರ್ಕೋರ್ ಎಂಬ ಪುಟ್ಟ ಹಳೆಯ ಊರಿನಲ್ಲಿ. ಅದು ದೂರ, ಒಂದು ದಿನದಲ್ಲಿ ಎರಡನ್ನೂ ನೋಡುವ ಸಾಹಸ ಬೇಡ.

ಹೀಗೆ ಬಂದವರಲ್ಲಿ ಹೆಸರು ಮಾಡಿದವರು ಇದ್ದಾರೆಯೇ?

ಆಸ್ಟ್ರೇಲಿಯದ ಇಬ್ಬರು ಮಾಜಿ ಪ್ರಧಾನಿಗಳೇ ಇದ್ದಾರೆ. ಜೂಲಿಯಾ ಗಿಲ್ಲಾರ್ಡ್ ವೇಲ್ಸ್‌ನ ಬ್ಯಾರಿಯಲ್ಲಿ ಹುಟ್ಟಿದವರು. ಎಳೆಯ ಶ್ವಾಸಕೋಶಕ್ಕೆ ಬೆಚ್ಚಗಿನ ಹವೆ ಬೇಕೆಂದು ವೈದ್ಯರು ಹೇಳಿದ್ದರಿಂದ 1966ರಲ್ಲಿ ಅಡಿಲೇಡಿಗೆ ಬಂದರು. ಟೋನಿ ಆ್ಯಬಟ್ ಲಂಡನ್ನಿನಲ್ಲಿ 1957ರಲ್ಲಿ ಹುಟ್ಟಿ 1960ರಲ್ಲಿ ಬಂದವರು. ಹಾಡುಗಾರರಾದ ಬೀ ಗೀಸ್ ಸಹೋದರರು 1958ರಲ್ಲಿ ಬಂದು 1967ರಲ್ಲಿ ಇಂಗ್ಲೆಂಡಿಗೆ ಮರಳಿದರು. ನಟ ಹ್ಯೂ ಜ್ಯಾಕ್‌ಮನ್ ಅವರ ತಂದೆತಾಯಿಯೂ ಇದೇ ಯೋಜನೆಯವರು.

ಗಿಲ್ಲಾರ್ಡ್ ಬಗ್ಗೆ ಒಂದು ಮಾತು ಸೇರಿಸಬೇಕು. ಅವಿವಾಹಿತ ತಾಯಂದಿರಿಂದ ಬಲವಂತವಾಗಿ ಮಕ್ಕಳನ್ನು ದತ್ತು ಕೊಡಿಸಿದ್ದಕ್ಕಾಗಿ 2013ರ ಮಾರ್ಚ್ 21ರಂದು ಆಸ್ಟ್ರೇಲಿಯದ ಸಂಸತ್ತಿನಲ್ಲಿ ಕ್ಷಮೆ ಕೇಳಿದವರು ಅವರೇ. ಹತ್ತು ಪೌಂಡಿನ ಮಗುವೊಂದು ದೊಡ್ಡದಾಗಿ ಕೇಟ್‌ಳಂಥವರ ಮುಂದೆ ನಿಂತು ತಪ್ಪಾಯಿತು ಎಂದಿತು. ಎರಡನೆಯ ಸರಣಿ ನೋಡುವಾಗ ಇದು ನೆನಪಿನಲ್ಲಿರಲಿ.

ಇಲ್ಲಿನ ಕನ್ನಡಿಗರು ನೋಡಿ ಏನೆಂದರು?

‘ಪಾಪ’ ಎಂದವರು ಕಡಿಮೆ. ನಾವು ವೀಸಾಗೆ ಲಕ್ಷಗಟ್ಟಲೆ ಸುರಿದು, ಇಂಗ್ಲಿಷ್ ಪರೀಕ್ಷೆ ಬರೆದು, ಅಂಕಗಳ ಲೆಕ್ಕ ಹಾಕಿ ಬಂದವರು. ಹತ್ತು ಪೌಂಡಿಗೆ ಬಂದವರ ಗೋಳು ಕೇಳಲು ಮನಸ್ಸಾಗದು. ಮಂಡ್ಯ ಕಡೆಯ ಗೆಳೆಯರೊಬ್ಬರು ‘ಇವರಿಗೆ ಸರ್ಕಾರವೇ ಸೂರು ಕೊಟ್ಟಿದೆ, ಇನ್ನೇನು ಆರತಿ ಎತ್ತಬೇಕಿತ್ತೇ’ ಎಂದರು. ಅದೇ ಗೆಳೆಯರು ನುರಿತ ಕೆಲಸಗಾರ ಟೆರ‍್ರಿ ರಸ್ತೆ ಅಗೆಯುವ ಕೆಲಸಕ್ಕೆ ನಿಲ್ಲುವ ದೃಶ್ಯದಲ್ಲಿ ಗಪ್ಪಾದರು. ಎಂಜಿನಿಯರಿಂಗ್ ಓದಿ ಬಂದ ಅವರು ಮೊದಲ ವರ್ಷ ರಾತ್ರಿ ಪಾಳಿಯಲ್ಲಿ ಗೋದಾಮಿನ ಪೆಟ್ಟಿಗೆ ಹೊತ್ತಿದ್ದರು. ಊರಿಗೆ ಫೋನ್ ಮಾಡಿದಾಗ ‘ಕಂಪನಿ ಕೆಲಸ’ ಎಂದಿದ್ದರಂತೆ. ಬಿಸ್ಕತ್ತಿನ ಡಬ್ಬದ ಕಾಗದಗಳ ಸಂಗತಿ ಅವರಿಗೆ ಹೇಳಿದೆ. ಏನೂ ಮಾತಾಡಲಿಲ್ಲ, ಇನ್ನೊಂದು ಲೋಟ ಕಾಫಿ ಕೇಳಿದರು.

ಮಕ್ಕಳೊಡನೆ ನೋಡಬಹುದೇ?

ಹದಿಮೂರು ದಾಟಿದವರೊಡನೆ ನೋಡಬಹುದು. ಬೈಗುಳ, ಕುಡಿತ, ಒಂದಿಷ್ಟು ಹಿಂಸೆ ಇದೆ. ಅದಕ್ಕಿಂತ ಹೆಚ್ಚಾಗಿ ಪ್ರಶ್ನೆಗಳು ಬರುತ್ತವೆ. ಉತ್ತರ ಸಿದ್ಧಮಾಡಿಕೊಂಡು ಕುಳಿತುಕೊಳ್ಳಿ.

ಮೂರನೆಯ ಸರಣಿ ಬರುತ್ತದೆಯೇ?

ಇಲ್ಲ, ಎರಡಕ್ಕೇ ನಿಲ್ಲಿಸಿದ್ದಾರೆ. ಇನ್ನೂ ಬಿಚ್ಚದ ಗಂಟುಗಳು ಉಳಿದಿವೆ ಎಂದು ನೋಡುಗರಿಗೆ ಬೇಸರ. ಸುದ್ದಿಯನ್ನು ಬೇಲಿಯ ಆಚೆಗೆ ಮುಟ್ಟಿಸಿದಾಗ ಅಜ್ಜಿ ಗಿಡಕ್ಕೆ ನೀರು ಹಾಕುತ್ತಿದ್ದರು. ‘ಎರಡು ವರ್ಷ ಆಯಿತಲ್ಲ, ಇನ್ನು ದುಡ್ಡು ಕಟ್ಟದೆ ಮನೆಗೆ ಹೋಗಬಹುದು’ ಎಂದರು.